ತಾರಸಿಯ ಬಿಸಿಲು, ತಂತಿಯ ಬಾಡಿಗೆ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಂದಿನಿಂದ ನಮ್ಮ ವಿದ್ಯುದ್ವ್ಯವಸ್ಥೆಯು ಏಕಮುಖ ಪ್ರವಾಹವನ್ನೇ ನಂಬಿ ಬೆಳೆದುಬಂದಿದೆ: ಒಂದು ತುದಿಯಲ್ಲಿ ಉತ್ಪಾದಕ, ಇನ್ನೊಂದರಲ್ಲಿ ಬಿಲ್ಲು ತೆರುವ ಗ್ರಾಹಕ. ಆ ಗ್ರಾಹಕನೇ ಇಂದು ತಾರಸಿಯ ಮೇಲೆ ಸೌರಫಲಕಗಳನ್ನು ಹಾಸಿ, ಬಳಸಿ ಮಿಕ್ಕುದನ್ನು ಅದೇ ತಂತಿಯಲ್ಲಿ ಹಿಂದಿರುಗಿಸತೊಡಗಿರುವುದರಿಂದ, ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳ ಆಯವ್ಯಯದ ಲೆಕ್ಕವೇ ತಲೆಕೆಳಗಾಗುವ ಭೀತಿ ತಲೆದೋರಿದೆ.

ಆ ಭೀತಿ ನಿರಾಧಾರವೆನ್ನಲಾಗದು. ದಿನಕ್ಕೆ ಸುಮಾರು 12 ಯೂನಿಟ್ ಕೊಡುವ 3 ಕಿಲೋವ್ಯಾಟ್ ಫಲಕಗಳ ಮನೆಯೊಂದು, ನಡುಹಗಲಿನಲ್ಲಿ ಹೆಚ್ಚುವರಿಯನ್ನು ಜಾಲಕ್ಕೆ ಸುರಿದು, ಸಂಜೆ ಏಳಕ್ಕೆ, ಊರಿಗೆ ಊರೇ ದೀಪ ಹಚ್ಚುವ ಹೊತ್ತಿಗೆ, ತಾನೂ ಅದೇ ಟ್ರಾನ್ಸ್‌ಫಾರ್ಮರಿಗೆ ಕೈಯೊಡ್ಡುತ್ತದೆ. ಪಡೆದುದರಲ್ಲಿ ಕೊಟ್ಟುದನ್ನು ಕಳೆದು ಬಿಲ್ಲು ಮಾಡುವ ನೆಟ್ ಮೀಟರಿಂಗಿನ ಲೆಕ್ಕದಲ್ಲಾದರೋ ಸುಲಭವಾಗಿ ದೊರೆಯುವ ಹಗಲಿನ ಯೂನಿಟ್ಟೂ ದುರ್ಲಭವಾದ ಸಂಜೆಯ ಯೂನಿಟ್ಟೂ ಸಮಾನ. ಮಳೆಗಾಲದ ರಾತ್ರಿ ಕಂಬವೇರುವ ಲೈನ್‌ಮನ್ನನ ಸಂಬಳವು ಬಿಸಿಲಿನಿಂದ ಹುಟ್ಟುವುದಿಲ್ಲ.

ಆದರೆ ಇದಕ್ಕೆ ಕಂಡುಕೊಂಡ ಚಿಕಿತ್ಸೆಯು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಿದೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ನೆಟ್ ಮೀಟರಿಂಗನ್ನು 10 ಕಿಲೋವ್ಯಾಟಿಗೆ ಸೀಮಿತಗೊಳಿಸಿ, ವಿರೋಧ ಬಂದೊಡನೆ ಮರುವರ್ಷವೇ ಆ ಮಿತಿಯನ್ನು 500ಕ್ಕೆ ಏರಿಸಬೇಕಾಯಿತು. ಕ್ಯಾಲಿಫೋರ್ನಿಯವು 2023ರ ಏಪ್ರಿಲಿನಿಂದ ಹೊಸ ಗ್ರಾಹಕರ ಹೆಚ್ಚುವರಿ ವಿದ್ಯುತ್ತಿಗೆ ಕೊಡುವ ಬೆಲೆಯನ್ನು ಸರಿಸುಮಾರು ಮುಕ್ಕಾಲು ಪಾಲು ಇಳಿಸಲಾಗಿ, ಹೊಸ ಫಲಕಗಳ ಬೇಡಿಕೆ ಕುಸಿಯಿತು. ಉಳಿದವರಲ್ಲಿ ಬಹುಮಂದಿ ಬ್ಯಾಟರಿ ಕೂಡಿಸಿಕೊಂಡು ಕಂಪನಿಯಿಂದ ಮತ್ತಷ್ಟು ದೂರ ಸರಿದರು.

ಜ್ವರವಿರುವುದು ನಮ್ಮ ದರಪಟ್ಟಿಯಲ್ಲಿ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತ. 2023ರಿಂದ ರಾಜ್ಯದ ಗೃಹಜ್ಯೋತಿ ಯೋಜನೆಯಡಿ ಮನೆಗಳಿಗೆ 200 ಯೂನಿಟ್ಟುಗಳ ಮಿತಿಯೊಳಗೆ ಉಚಿತ. ಈ ಔದಾರ್ಯವನ್ನು ನಾನು ಆಕ್ಷೇಪಿಸುತ್ತಿಲ್ಲ. ಅದರ ಹೊರೆಯಲ್ಲಿ ಒಂದು ಪಾಲು ಬೊಕ್ಕಸದ ಮೇಲಿದ್ದರೂ, ಮತ್ತೊಂದು ಪಾಲನ್ನು ಅಂಗಡಿ-ಕಾರ್ಖಾನೆಗಳ ದರದೊಳಗೆ ಅಡ್ಡ ಸಬ್ಸಿಡಿಯಾಗಿ ಅಡಗಿಸಿಡುವುದನ್ನು ಆಕ್ಷೇಪಿಸುತ್ತೇನೆ. ಶೂನ್ಯ ಬಿಲ್ಲಿನ ಮನೆಗೆ ಫಲಕದ ಗೊಡವೆಯೇ ಇಲ್ಲ. ಅದನ್ನು ಬಯಸುವವನು ಹೆಚ್ಚು ತೆರುವವನೇ. ಅವನೊಬ್ಬನು ಕಳಚಿಕೊಂಡೊಡನೆ ಅಡಗಿಸಿಟ್ಟ ಹೊರೆಯು ಬಯಲಿಗೆ ಬೀಳುತ್ತದೆ. ಇತ್ತ ಕೇಂದ್ರವು 2024ರಿಂದ ಸೂರ್ಯಘರ್ ಯೋಜನೆಯಲ್ಲಿ ತಾರಸಿಯ ಫಲಕಗಳಿಗೆ 78,000 ರೂಪಾಯಿಯವರೆಗೆ ಸಹಾಯಧನವಿತ್ತು ಜನರನ್ನು ಕರೆಯುತ್ತಿದ್ದರೆ, ಅತ್ತ ಅವನ್ನು ಜಾಲಕ್ಕೆ ಜೋಡಿಸಬೇಕಾದ ಕಂಪನಿಯೇ ಒಳಗೊಳಗೆ ಅಳುಕುವ ವೈಪರೀತ್ಯವನ್ನು ನೋಡುತ್ತಿದ್ದೇವೆ.

ತಂತಿಗೆ ಬಾಡಿಗೆಯಿರಲಿ, ಅದು ಫಲಕವುಳ್ಳವರಿಗೂ ಇಲ್ಲದವರಿಗೂ ಮಂಜೂರಾದ ಲೋಡಿಗನುಗುಣವಾಗಿ ಒಂದೇ ನ್ಯಾಯದಲ್ಲಿರಲಿ. ಹಗಲಿನ ಯೂನಿಟ್ಟಿಗೆ ಹಗಲಿನ ಬೆಲೆ, ಸಂಜೆಯದಕ್ಕೆ ಸಂಜೆಯ ಬೆಲೆ ದೊರೆಯಲಿ. ರೈತನಿಗೂ ಬಡವನಿಗೂ ಕೊಡುವ ನೆರವನ್ನು ಶಾಸನಸಭೆಯ ಒಪ್ಪಿಗೆ ಪಡೆದು ಪೂರ್ತಿಯಾಗಿ ಬೊಕ್ಕಸದಿಂದ, ಸಕಾಲದಲ್ಲಿ ಸಂದಾಯ ಮಾಡಲಿ. ಈ ಮೂರನ್ನೂ ಮಾಡದೆ ತಾರಸಿಯ ಫಲಕವನ್ನು ದೂಷಿಸುವ ಕಂಪನಿಯು ರಕ್ಷಿಸಹೊರಟಿರುವುದು ಜಾಲವನ್ನಲ್ಲ, ತನ್ನ ಹಳೆಯ ಜಮಾಖರ್ಚಿನ ಪುಸ್ತಕವನ್ನು.