ಫತೂರಾ ಕೀ: ಮೊಹರು ಮಾಲೀಕನದ್ದು, ತಲೆನೋವು ನೌಕರನದ್ದು

ಸೌದಿಯಲ್ಲಿ ಇ-ಇನ್‌ವಾಯ್ಸ್‌ನ ಎರಡನೇ ಹಂತ 2023ರ ಜನವರಿಯಲ್ಲಿ ದೊಡ್ಡ ಕಂಪನಿಗಳಿಂದ ಶುರುವಾಗಿ ಸಣ್ಣ ವ್ಯಾಪಾರಿಗಳವರೆಗೂ ಬಂದಿದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಈಗ ತೆರಿಗೆ ಪ್ರಾಧಿಕಾರದ 'ಫತೂರಾ' ಜೊತೆ ನೇರವಾಗಿ ಸಂಪರ್ಕದಲ್ಲಿರಬೇಕು. ಗ್ರಾಹಕರಿಗೆ ಕೊಟ್ಟ ಬಿಲ್ 24 ಗಂಟೆಯೊಳಗೆ ಅಲ್ಲಿಗೆ ತಲುಪಬೇಕು.

ಈ ಸಂಪರ್ಕಕ್ಕೆ ಮೊದಲು ಬೇಕಾಗುವುದು ಒಟಿಪಿ. ಅದರ ಆಯುಸ್ಸು ಒಂದೇ ಗಂಟೆ. ಆದರೆ ನಂತರ ಸಿಗುವ ಸರ್ಟಿಫಿಕೇಟ್, ಸೀಕ್ರೆಟ್ ಕೋಡ್ ಮತ್ತು ಬಿಲ್ಲಿಗೆ ಸಹಿ ಹಾಕುವ ಪ್ರೈವೇಟ್ ಕೀ ಗಂಟೆಗೆ ಮುಗಿಯುವಂಥದ್ದಲ್ಲ. ಅವು ಅಂಗಡಿಯ ಮೊಹರು ಇದ್ದ ಹಾಗೆ. ಸಿಕ್ಕವರು ಅಂಗಡಿ ಹೆಸರಲ್ಲಿ ಬಿಲ್ ಹೊಡೆಯಬಹುದು. ಅದಕ್ಕೇ ಸಹಿ ಕೀಯನ್ನು ಹೊರತೆಗೆಯಲು ಸಾಫ್ಟ್‌ವೇರ್ ಬಿಡಬಾರದು ಅಂತ ನಿಯಮವೇ ಇದೆ.

ಇವನ್ನು ವಾಟ್ಸ್‌ಆಪ್‌ನಲ್ಲಿ ಕಳಿಸಿದರೆ, ಎಲ್ಲರೂ ಬಳಸುವ ಕಂಪ್ಯೂಟರ್‌ನಲ್ಲಿ ಬಿಟ್ಟರೆ, ನಾಳೆ ಲೆಕ್ಕ ತಪ್ಪಿದಾಗ ಮೊದಲು ಬೆರಳು ತೋರಿಸುವುದು ಸೆಟಪ್ ಮಾಡಿದ ನೌಕರನ ಕಡೆಗೇ. ಒಟಿಪಿಯನ್ನು ಮಾಲೀಕರೇ ತೆಗೆದು ಎದುರಲ್ಲೇ ಹಾಕಲಿ. ಲಾಗಿನ್ ಪ್ರತಿಯೊಬ್ಬರಿಗೂ ಬೇರೆಯಿರಲಿ. ಎಕ್ಸಿಟ್ ಹೊಡೆಸಿ ಊರಿಗೆ ಹೊರಡುವವರು ಪಾಸ್‌ವರ್ಡ್ ಬದಲಿಸಿ, ಹಸ್ತಾಂತರವನ್ನು ಬರಹದಲ್ಲಿ ಪಡೆಯಲಿ. ಕೀ ಸೋರಿದ ಅನುಮಾನ ಬಂದರೆ ಫತೂರಾದಲ್ಲೇ ಹಳೆಯ ಸರ್ಟಿಫಿಕೇಟ್ ರದ್ದು ಮಾಡಿಸಿ, ಹೊಸದು ಪಡೆಯಬಹುದು.