ದೋಸ್ತಿ ಇದ್ದರೆ ಸಾಲದು, ಅದು ಮಾತಾಡಬೇಕು

ರಮಝಾನ್ ಬಂತೆಂದರೆ ನಮ್ಮ ಕರಾವಳಿಯಲ್ಲಿ ಸೌಹಾರ್ದ ಇಫ್ತಾರ್‌ಗಳ ಸಾಲು. ಸ್ವಾಮೀಜಿ, ಉಸ್ತಾದ್, ಫಾದರ್ ಒಂದೇ ವೇದಿಕೆಯಲ್ಲಿ ಕೂರುತ್ತಾರೆ, ಮರುದಿನ ಪೇಪರಿನಲ್ಲಿ ಫೋಟೊ ಬರುತ್ತದೆ. ಒಳ್ಳೆಯದೇ. ಆದರೆ ಆ ಫೋಟೊದಲ್ಲಿದ್ದವರು ಮುಂದಿನ ರಮಝಾನ್‌ವರೆಗೆ ಒಮ್ಮೆಯಾದರೂ ಪರಸ್ಪರ ಫೋನ್ ಮಾಡುತ್ತಾರಾ?

ಸಂವಾದ ಮುರಿದು ಬಿದ್ದಾಗ ಅದನ್ನು ಎತ್ತಿ ನಿಲ್ಲಿಸುವುದು ಗೆಳೆತನ. 2011ರ ಜನವರಿಯಲ್ಲಿ, ಅಲೆಕ್ಸಾಂಡ್ರಿಯಾದ ಚರ್ಚ್ ಮೇಲಿನ ಬಾಂಬ್ ದಾಳಿಯ ಬಳಿಕ ಪೋಪ್ ಬೆನೆಡಿಕ್ಟ್ ಆಡಿದ ಮಾತಿಗೆ ಆಕ್ಷೇಪಿಸಿ ಕೈರೋದ ಅಲ್ ಅಝ್‌ಹರ್ ವ್ಯಾಟಿಕನ್ ಜೊತೆಗಿನ ಮಾತುಕತೆ ನಿಲ್ಲಿಸಿತ್ತು. 2016ರ ಮೇ ತಿಂಗಳಲ್ಲಿ ಅಲ್ ಅಝ್‌ಹರ್‌ನ ಗ್ರ್ಯಾಂಡ್ ಇಮಾಮ್ ಅಹ್ಮದ್ ಅತ್ತಯ್ಯಿಬ್ ವ್ಯಾಟಿಕನ್‌ಗೆ ಹೋಗಿ ಪೋಪ್ ಫ್ರಾನ್ಸಿಸ್‌ರನ್ನು ಆಲಿಂಗಿಸಿದರು. ಮರುವರ್ಷ ಪೋಪ್ ಕೈರೋಗೆ ಬಂದರು. 2019ರ ಫೆಬ್ರವರಿ 4ರಂದು ಅಬುಧಾಬಿಯಲ್ಲಿ ಇಬ್ಬರೂ ಮಾನವ ಸೋದರತೆಯ ದಾಖಲೆಗೆ ಸಹಿ ಹಾಕಿದರು. ಇದಕ್ಕಾಗಿ ಯಾರೂ ತಮ್ಮ ವಿಶ್ವಾಸವನ್ನು ಬಿಟ್ಟುಕೊಡಲಿಲ್ಲ.

ನಮ್ಮಲ್ಲಿ ದೋಸ್ತಿಗೆ ಬರವಿಲ್ಲ. ಮುಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ಐತಿಹ್ಯದಲ್ಲೇ ಬಪ್ಪ ಬ್ಯಾರಿ ಇದ್ದಾನೆ. ಅವನ ಮನೆತನಕ್ಕೆ ಇಂದಿಗೂ ಅಲ್ಲಿ ಪ್ರಸಾದದ ಮರ್ಯಾದೆಯಿದೆ. ಹಾಗಿದ್ದೂ 2022ರ ಮಾರ್ಚ್‌ನಲ್ಲಿ, ಹಿಜಾಬ್ ತೀರ್ಪಿನ ವಿರುದ್ಧದ ಬಂದ್ ನಂತರ, ಅದೇ ಬಪ್ಪನಾಡು ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳು ಬೇಡ ಎಂಬ ಬ್ಯಾನರ್ ಎದ್ದಿತು. ಕಾಪುವಿನ ಮಾರಿಪೂಜೆಯಲ್ಲೂ ನಮ್ಮವರಿಗೆ ಅಂಗಡಿ ಜಾಗ ಸಿಗಲಿಲ್ಲ. ಆಗಿನ ಸರ್ಕಾರ ಧಾರ್ಮಿಕ ದತ್ತಿಯ 2002ರ ನಿಯಮ ತೋರಿಸಿತು. ನಿಯಮ ಹಳೆಯದೇ, ಆದರೆ ಅದರ ನಡುವೆಯೂ ವರ್ಷಗಟ್ಟಲೆ ಬ್ಯಾರಿಗಳು ಜಾತ್ರೆಗಳಲ್ಲಿ ಬಳೆ, ಆಟಿಕೆ, ಹಣ್ಣು ಮಾರಿದ್ದರು.

ಆಗ ದೋಸ್ತರು ಎಲ್ಲಿ ಹೋಗಿದ್ದರು? ಅನೇಕರು ನಮ್ಮ ಬಳಿ ಬಂದು 'ಇದು ಸರಿಯಲ್ಲ ಮಾರಾಯ' ಎಂದರು. ಹೇಳಬೇಕಾದದ್ದು ಸಮಿತಿಯ ಸಭೆಯಲ್ಲಿ, ನಾವಿಲ್ಲದ ಜಾಗದಲ್ಲಿ. ಖಾಸಗಿ ಅನುಕಂಪದಿಂದ ಸಂತೆ ವ್ಯಾಪಾರಿಯ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಇದು ನಮಗೂ ಅನ್ವಯಿಸುತ್ತದೆ. ಜಮಾಅತ್ ಸಭೆಯಲ್ಲೋ, ಮೊಹಲ್ಲಾದ ವಾಟ್ಸ್ಆ್ಯಪ್ ಗ್ರೂಪಿನಲ್ಲೋ ಯಾರಾದರೂ ಹಿಂದೂ, ಕ್ರೈಸ್ತರ ನಂಬಿಕೆಯನ್ನು ಲೇವಡಿ ಮಾಡಿದಾಗ ನಮ್ಮಲ್ಲಿ ಎಷ್ಟು ಮಂದಿ ತಡೆಯುತ್ತೇವೆ? ಜನಾಂಗಗಳಿರುವುದು ಪರಸ್ಪರ ಅರಿಯಲಿಕ್ಕೆ ಎಂದು ಅಲ್ ಹುಜುರಾತ್ ಅಧ್ಯಾಯ ಕಲಿಸುತ್ತದೆ. ಮುಂದಿನ ಇಫ್ತಾರ್‌ಗೆ ವೇದಿಕೆಯ ಗಣ್ಯರ ಬದಲು ಪಕ್ಕದ ಮನೆಯವರನ್ನು, ಜಾತ್ರಾ ಸಮಿತಿಯ ಸದಸ್ಯರನ್ನು ಮನೆಗೇ ಕರೆಯೋಣ. ಅವರ ಮನೆಯ ಮದುವೆಗೆ, ಸಾವಿಗೆ ನಾವೂ ಹೋಗೋಣ. ನಾಳೆ ಬ್ಯಾನರ್ ಎದ್ದರೆ, ಸಭೆಯಲ್ಲಿ ಕೈ ಎತ್ತಿ 'ಬೇಡ' ಎನ್ನಬೇಕಾದವರು ಅವರೇ.