ಮುಂಬಾಗಿಲಿಲ್ಲದ ಆಸ್ಪತ್ರೆ

ವಾಚಕ ಮಹಾಶಯರಲ್ಲಿ ಅನೇಕರ ಮನೆಗಳಲ್ಲಿ ಬ್ಯಾಟ್‌ಮನ್ ಎಂಬ ಬಾವಲಿವೇಷದ ವೀರನು ಮಕ್ಕಳಿಗೆ ಚಿರಪರಿಚಿತನಾಗಿರುವನು. ಈತನು ೧೯೩೯ರಲ್ಲಿ ಅಮೆರಿಕಾ ದೇಶದ ಒಂದು ಚಿತ್ರಕಥಾ ಪತ್ರಿಕೆಯಲ್ಲಿ ಹುಟ್ಟಿ, ಇಂದಿಗೂ ಮುಪ್ಪನ್ನು ಕಾಣದೆ, ಗಾಥಂ ಎಂಬ ಕಲ್ಪಿತ ನಗರದಲ್ಲಿ ರಾತ್ರಿಯೆಲ್ಲ ಸಂಚರಿಸಿ ದುಷ್ಟರನ್ನು ಹಿಡಿಯುತ್ತಿರುವನು. ಆದರೆ ಯಾರನ್ನೂ ಕೊಲ್ಲಲಾಗದೆಂಬುದು ಆತನ ವ್ರತ. ಆದುದರಿಂದ ಹಿಡಿದ ಖಳರಲ್ಲಿ ಚಿತ್ತವಿಕಾರವುಳ್ಳವರೆಂದು ಎಣಿಸಲ್ಪಟ್ಟವರನ್ನು ಆರ್ಕಂ ಎಂಬ ಮನೋರೋಗಿಗಳ ಆಸ್ಪತ್ರೆಗೆ ಒಪ್ಪಿಸಲಾಗುವುದು. ಅವರು ಕೆಲವು ತಿಂಗಳಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬರುವರು. ಆತನು ಮತ್ತೆ ಹಿಡಿಯುವನು. ಇದು ಕಥೆಯ ಚಕ್ರ.

ವೀರನ ಪರಾಕ್ರಮವನ್ನು ವರ್ಣಿಸುವವರು ಬಹುಮಂದಿ ಇದ್ದಾರೆ. ನಾವು ಈ ತಿಂಗಳು ಬರೆಯಬೇಕೆಂದಿರುವುದು ಆ ಆಸ್ಪತ್ರೆಯ ಆಡಳಿತವನ್ನು ಕುರಿತು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹಾಜರಿ ಪುಸ್ತಕವನ್ನು ಕೈಯಲ್ಲಿ ಹಿಡಿದು ಹೆಸರು ಕೂಗಿದ ನಮಗೆ, ಒಂದು ಸಂಸ್ಥೆಯ ವ್ಯವಸ್ಥೆ ಕೆಟ್ಟಿರುವುದನ್ನು ಕಂಡರೆ ಸುಮ್ಮನಿರಲು ಬಾರದು. ಆ ಸಂಸ್ಥೆಯು ಕಾಗದದ ಮೇಲೆ ಮಾತ್ರ ಇದ್ದರೂ ಸರಿಯೆ.

ಆರ್ಕಂ ಮೊದಲು ಕಾಣಿಸಿಕೊಂಡದ್ದು ೧೯೭೪ರಲ್ಲಿ, ಡೆನಿಸ್ ಓನೀಲ್ ಎಂಬುವರು ಬರೆದ ಕಥೆಯಲ್ಲಿ. ಅದರ ಹೆಸರನ್ನು ಲವ್‌ಕ್ರಾಫ್ಟ್ ಎಂಬ ಭೀಕರ ಕಥೆಗಳ ಲೇಖಕನು ಕಲ್ಪಿಸಿದ್ದ ಒಂದು ಊರಿನಿಂದ ಎರವಲು ತಂದರು. ನಾಮಕರಣದಲ್ಲಿಯೇ ಭಯವನ್ನು ಬಯಸಿದವರು ಆರೋಗ್ಯವನ್ನು ಬಯಸಿದ್ದರೆಂದು ಹೇಗೆ ನಂಬುವುದು? ೧೯೮೯ರಲ್ಲಿ ಗ್ರಾಂಟ್ ಮಾರಿಸನ್ ಬರೆದು ಡೇವ್ ಮೆಕೀನ್ ಚಿತ್ರಿಸಿದ ಪುಸ್ತಕದಲ್ಲಿ ಇದರ ಸ್ಥಾಪಕನ ವೃತ್ತಾಂತವಿದೆ. ಆ ವೈದ್ಯನು ತನ್ನ ಹೆಂಡತಿಯನ್ನೂ ಮಗಳನ್ನೂ ಕೊಂದ ರೋಗಿಗೆ ಚಿಕಿತ್ಸೆಯ ನೆಪದಲ್ಲಿ ವಿದ್ಯುತ್ತನ್ನು ಹಾಯಿಸಿ ಕೊಂದು, ಕಟ್ಟಕಡೆಗೆ ತಾನೇ ಅದೇ ಮನೆಯ ಒಂದು ಕೋಣೆಯಲ್ಲಿ ರೋಗಿಯಾಗಿ ಉಳಿದನು. ಅಸ್ತಿವಾರವೇ ಹೀಗಿದ್ದಮೇಲೆ ಮಾಳಿಗೆಯ ಮಾತೇನು!

ಮೊದಲು ಹಾಜರಿಯ ವಿಚಾರ. ೧೯೮೮ರಲ್ಲಿ ಪ್ರಕಟವಾದ ಆಲನ್ ಮೂರ್ ಮತ್ತು ಬ್ರಯನ್ ಬೋಲಂಡ್ ಅವರ ಕಥೆಯ ಆರಂಭದಲ್ಲಿ ಬ್ಯಾಟ್‌ಮನ್ನನು ತನ್ನ ಪರಮವೈರಿಯಾದ ಜೋಕರ್ ಎಂಬ ಬಿಳಿಮೊಗದ ಖಳನೊಡನೆ ಮಾತನಾಡಲು ಆಸ್ಪತ್ರೆಗೆ ಬರುವನು. ಕತ್ತಲ ಕೋಣೆಯಲ್ಲಿ ಇಸ್ಪೀಟು ಆಡುತ್ತ ಕುಳಿತಿರುವ ಮನುಷ್ಯನ ಕೈಯನ್ನು ಹಿಡಿದಾಗ ಬಿಳಿಯ ಬಣ್ಣವು ಬೆರಳಿಗೆ ಅಂಟುವುದು. ಒಳಗಿದ್ದವನು ಬಣ್ಣ ಬಳಿದುಕೊಂಡ ಬೇರೊಬ್ಬನು. ನಿಜವಾದ ಜೋಕರನು ಹೊರಟುಹೋಗಿ ಎಷ್ಟು ಹೊತ್ತಾಗಿತ್ತೋ ಕಾವಲುಗಾರರಿಗೆ ತಿಳಿಯದು. ನಮ್ಮ ತರಗತಿಗಳಲ್ಲಿಯೂ ಒಬ್ಬ ಹುಡುಗನು ಗೋಲಿಯಾಡಲು ಹೋದರೆ ಅವನ ಗೆಳೆಯನು ದನಿ ಬದಲಿಸಿ ‘ಹಾಜರ್’ ಎನ್ನುತ್ತಿದ್ದುದುಂಟು. ಕೆಲಸಕ್ಕೆ ಸೇರಿ ಎಂಟು ದಿನವಾದ ಉಪಾಧ್ಯಾಯನೂ ಆ ಕಳ್ಳತನವನ್ನು ಹಿಡಿಯಬಲ್ಲನು. ಏಕೆಂದರೆ ಅವನು ಹೆಸರು ಕೂಗುವಾಗ ತಲೆಯೆತ್ತಿ ಮುಖ ನೋಡುವನು. ಆರ್ಕಮ್ಮಿನಲ್ಲಿ ಮುಖ ನೋಡುವವರೇ ಇಲ್ಲ.

ಇನ್ನು ಸಿಬ್ಬಂದಿ. ಹಾರ್ಲೀನ್ ಕ್ವಿಂಜೆಲ್ ಎಂಬ ತರುಣ ವೈದ್ಯೆಯು ಜೋಕರನಿಗೆ ಚಿಕಿತ್ಸೆ ಮಾಡಲು ಬಂದು, ಅವನ ಕಟ್ಟುಕಥೆಗಳಿಗೆ ಮರುಳಾಗಿ, ತಾನೇ ಅವನನ್ನು ಬಿಡಿಸಿಕೊಂಡು ಹೋಗಿ, ಹಾರ್ಲಿ ಕ್ವಿನ್ ಎಂಬ ವಿದೂಷಕವೇಷದ ಕಳ್ಳಿಯಾದಳೆಂದು ೧೯೯೪ರ ಕಥೆಯು ತಿಳಿಸುತ್ತದೆ. ೨೦೦೫ರ ಚಲಚ್ಚಿತ್ರದಲ್ಲಿ ಆಸ್ಪತ್ರೆಯ ಮುಖ್ಯಸ್ಥನಾದ ಕ್ರೇನನು ಪಾತಕಿಗಳಿಗೆ ಹುಚ್ಚೆಂದು ನ್ಯಾಯಸ್ಥಾನದಲ್ಲಿ ಸುಳ್ಳು ಸಾಕ್ಷ್ಯ ನುಡಿದು ಅವರನ್ನು ಸೆರೆಮನೆಯಿಂದ ತನ್ನಲ್ಲಿಗೆ ವರ್ಗ ಮಾಡಿಸಿಕೊಂಡು, ನೆಲಮಾಳಿಗೆಯಲ್ಲಿದ್ದ ಕೊಳವೆಯ ಮೂಲಕ ನಗರದ ಕುಡಿಯುವ ನೀರಿಗೇ ಭಯವನ್ನು ಹುಟ್ಟಿಸುವ ವಿಷವನ್ನು ಬೆರೆಸುವನು. ಬೇಲಿಯೇ ಎದ್ದು ಹೊಲವನ್ನು ಮೇಯ್ದ ಮಾತು ನಮ್ಮಲ್ಲಿ ಹಳೆಯದು. ಆದರೆ ಹೊಲವಷ್ಟೇ ಸಾಲದೆ ಊರ ಬಾವಿಯನ್ನೂ ಕೆಡಿಸಿದ ಬೇಲಿಯನ್ನು ನಾವು ಇಲ್ಲಿಯೇ ಕಂಡದ್ದು. ೧೯೯೩ರಲ್ಲಂತೂ ಬೇನ್ ಎಂಬುವನು ಹೊರಗಿನಿಂದ ಗೋಡೆಯನ್ನು ಸಿಡಿಸಿ, ಒಳಗಿನವರಿಗೆ ಆಯುಧಗಳನ್ನೂ ಒದಗಿಸಿ, ಎಲ್ಲರನ್ನೂ ಒಮ್ಮೆಗೇ ಹೊರಗೆ ಬಿಟ್ಟನು.

ಇವೆಲ್ಲವೂ ಬೀಗಕ್ಕೂ ಕಾವಲಿಗೂ ಸೇರಿದ ದೋಷಗಳು. ಇವುಗಳನ್ನು ಕಂಡು ನಕ್ಕು ಬಿಡಬಹುದು. ನಗಲಾಗದ ದೋಷವು ಚಿಕಿತ್ಸೆಯದು. ಮೇಲೆ ಹೇಳಿದ ೧೯೮೯ರ ಪುಸ್ತಕದಲ್ಲಿ ಹಾರ್ವಿ ಡೆಂಟ್ ಎಂಬ ರೋಗಿಯಿದ್ದಾನೆ. ಇವನಿಗೆ ಅರ್ಧ ಮುಖವು ಸುಂದರ, ಅರ್ಧ ಮುಖವು ವಿಕಾರ. ಪ್ರತಿಯೊಂದು ಕಾರ್ಯಕ್ಕೂ ಒಂದು ನಾಣ್ಯವನ್ನು ಚಿಮ್ಮಿ, ಬಿದ್ದ ಮಗ್ಗುಲನ್ನು ನೋಡಿ ಒಳ್ಳೆಯದನ್ನೋ ಕೆಟ್ಟದ್ದನ್ನೋ ಮಾಡುವುದು ಇವನ ಅಭ್ಯಾಸ. ವೈದ್ಯರು ಆ ನಾಣ್ಯವನ್ನು ಕಿತ್ತುಕೊಂಡು, ಎರಡು ದಾರಿಗೆ ಬದಲಾಗಿ ಆರು ದಾರಿ ಇರಲೆಂದು ದಾಳವನ್ನು ಕೊಟ್ಟರು. ಆ ಬಳಿಕ ಎಪ್ಪತ್ತೆಂಟು ಎಲೆಗಳ ಕಣಿಯ ಕಟ್ಟನ್ನು ಕೊಟ್ಟರು. ಫಲವೇನಾಯಿತೆಂದರೆ, ಆ ಮನುಷ್ಯನು ಬಚ್ಚಲಿಗೆ ಹೋಗಬೇಕೆ ಬೇಡವೆ ಎಂಬುದನ್ನೂ ನಿಶ್ಚಯಿಸಲಾರದೆ ಕುಳಿತನು. ವೈದ್ಯರು ಇದನ್ನು ಪ್ರಗತಿಯೆಂದು ವಿವರಿಸುತ್ತಾರೆ! ರೋಗಿಯನ್ನು ಎದುರಿಗೆ ಕೂರಿಸಿಕೊಂಡು ತಮ್ಮ ಸಿದ್ಧಾಂತವನ್ನು ಮಾತ್ರ ನೋಡುವ ವೈದ್ಯನೂ, ವಿದ್ಯಾರ್ಥಿಯನ್ನು ಕೂರಿಸಿಕೊಂಡು ಪರೀಕ್ಷೆಯ ಅಂಕವನ್ನು ಮಾತ್ರ ನೋಡುವ ಉಪಾಧ್ಯಾಯನೂ ಒಂದೇ ಜಾತಿ.

ಇಂತಹ ಮನೆಯನ್ನು ನಮ್ಮ ಪೂರ್ವಿಕರ ಕೈಗೆ ಕೊಟ್ಟಿದ್ದರೆ ಏನು ಮಾಡುತ್ತಿದ್ದರು? ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಿಸಿ ಲೋಕಕ್ಕೆ ತೋರಿಸಿಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆ ಉತ್ತರವುಂಟು. ವಿಚಾರಣೆಗಾಗಿ ಇಟ್ಟವರ ಚಾರಕವೇ ಬೇರೆ, ದಂಡಿತರ ಬಂಧನಾಗಾರವೇ ಬೇರೆ. ಚಾರಕದಿಂದ ಆರೋಪಿಯನ್ನು ಬಿಟ್ಟುಕೊಟ್ಟ ಅಧಿಕಾರಿಗೆ ದಂಡ. ಬಂಧನಾಗಾರದಿಂದ ಬಿಟ್ಟುಕೊಟ್ಟವನಿಗೆ ಸರ್ವಸ್ವಹರಣವೂ ವಧೆಯೂ. ಈ ವಿಧಿಯು ಗಾಥಂ ನಗರದಲ್ಲಿ ಜಾರಿಯಾಗಿದ್ದಲ್ಲಿ ಅಲ್ಲಿ ಆಸ್ಪತ್ರೆಯ ಅಧಿಕಾರಿಯಾಗಲು ಒಬ್ಬನೂ ಅರ್ಜಿ ಹಾಕುತ್ತಿರಲಿಲ್ಲ. ಆದರೆ ಓದುಗರು ಗಮನಿಸಬೇಕಾದದ್ದು ಬೇರೊಂದಿದೆ. ಇಷ್ಟು ಕಠಿಣನಾದ ಕೌಟಿಲ್ಯನೇ, ಬಾಲರು, ವೃದ್ಧರು, ವ್ಯಾಧಿತರು, ಅನಾಥರು ಇಂಥವರನ್ನು ರಾಜನ ಜನ್ಮನಕ್ಷತ್ರದ ದಿನದಲ್ಲಿಯೂ ಹುಣ್ಣಿಮೆಗಳಲ್ಲಿಯೂ ಸೆರೆಯಿಂದ ಬಿಡಬೇಕೆಂದು ವಿಧಿಸಿದ್ದಾನೆ. ಪ್ರತಿದಿನವೋ ಐದು ದಿನಕ್ಕೊಮ್ಮೆಯೋ ಸೆರೆಯಲ್ಲಿರುವವರ ಲೆಕ್ಕವನ್ನು ತೀರಿಸಬೇಕೆಂದಿದ್ದಾನೆ. ಅಂದರೆ ಹಿಂಬಾಗಿಲನ್ನು ಭದ್ರವಾಗಿ ಮುಚ್ಚಿದವನು ಮುಂಬಾಗಿಲನ್ನು ತೆರೆಯುವ ದಿನವನ್ನೂ ಗೊತ್ತುಮಾಡಿದನು.

ಈಚಿನ ಕಾಲದ ನಿದರ್ಶನವೂ ಇದೆ. ಇಂಗ್ಲೆಂಡಿನ ಬರ್ಕ್‌ಷೈರ್ ಸೀಮೆಯಲ್ಲಿ ೧೮೬೩ರಲ್ಲಿ ತೆರೆದ ಬ್ರಾಡ್‌ಮೂರ್ ಎಂಬುದು ಅಪರಾಧ ಮಾಡಿದ ಮನೋರೋಗಿಗಳಿಗಾಗಿಯೇ ಕಟ್ಟಿದ ನಿಜವಾದ ಆಸ್ಪತ್ರೆ. ಅಲ್ಲಿಂದಲೂ ೧೯೫೨ರಲ್ಲಿ ಒಬ್ಬನು ಗೋಡೆ ಹಾರಿ ಹೋಗಿ, ಕೆಲವೇ ಗಂಟೆಗಳಲ್ಲಿ ಒಂದು ಮಗುವನ್ನು ಕೊಂದನು. ಆ ಒಂದು ಮಗುವಿನ ಸಾವಿನ ಫಲವಾಗಿ ಸುತ್ತಣ ಊರುಗಳಲ್ಲಿ ಸೈರನ್ನುಗಳನ್ನು ನಿಲ್ಲಿಸಿ, ಅನೇಕ ದಶಕಗಳವರೆಗೆ ಪ್ರತಿ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ತಪ್ಪದೆ ಕೂಗಿಸಿ ಪರೀಕ್ಷಿಸುತ್ತಿದ್ದರು. ಗಾಥಂ ನಗರದಲ್ಲಿ ಸತ್ತವರಿಗೆ ಲೆಕ್ಕವಿಲ್ಲ. ಆದರೆ ಒಂದು ಗಂಟೆಯನ್ನು ಕಟ್ಟಿದ ಸುದ್ದಿಯೂ ಇಲ್ಲ.

ಅದೇ ಬ್ರಾಡ್‌ಮೂರಿನಲ್ಲಿ ೧೮೭೨ರಿಂದ ವಿಲಿಯಂ ಮೈನರ್ ಎಂಬ ಅಮೆರಿಕಾದ ಸೈನ್ಯವೈದ್ಯನಿದ್ದನು. ಭ್ರಾಂತಿಯ ವಶನಾಗಿ ಲಂಡನ್ನಿನ ಬೀದಿಯಲ್ಲಿ ನಿರಪರಾಧಿಯೊಬ್ಬನನ್ನು ಗುಂಡಿಕ್ಕಿ ಕೊಂದವನು ಈತ. ಆಸ್ಪತ್ರೆಯವರು ಈತನಿಗೆ ಪುಸ್ತಕಗಳನ್ನಿಟ್ಟುಕೊಳ್ಳಲು ಅವಕಾಶ ಕೊಟ್ಟರು. ಆತನು ತನ್ನ ಕೋಣೆಯಲ್ಲಿಯೇ ಕುಳಿತು, ಇಂಗ್ಲಿಷಿನ ಮಹಾನಿಘಂಟಾದ ಆಕ್ಸ್‌ಫರ್ಡ್ ಕೋಶಕ್ಕಾಗಿ ಹಳೆಯ ಗ್ರಂಥಗಳಿಂದ ಪದಪ್ರಯೋಗಗಳನ್ನು ಸಾವಿರಾರು ಸಂಖ್ಯೆಯಲ್ಲಿ ಆರಿಸಿ ಸಂಪಾದಕರಿಗೆ ಕಳುಹಿದನು. ಆತನ ರೋಗವು ಗುಣವಾಯಿತೆಂದಲ್ಲ, ಆಗಲಿಲ್ಲ. ಆದರೂ ೧೯೧೦ರಲ್ಲಿ ಸರಕಾರದ ಅಪ್ಪಣೆಯಂತೆ ಆತನನ್ನು ಸ್ವದೇಶದ ಆಸ್ಪತ್ರೆಗೆ ಕಳುಹಿಸಿಕೊಟ್ಟರು. ಆತನು ಹೊರಟದ್ದು ಮುಂಬಾಗಿಲಿನಿಂದ.

ಆರ್ಕಮ್ಮಿನ ಆಡಳಿತದ ಪರಮದೋಷವು ನಮಗೆ ಇಲ್ಲಿ ಕಾಣುತ್ತದೆ. ಅಲ್ಲಿಂದ ಎಷ್ಟುಮಂದಿ ತಪ್ಪಿಸಿಕೊಂಡರೆಂಬುದು ದೊಡ್ಡ ಪ್ರಶ್ನೆಯಲ್ಲ. ಗುಣಮುಖರಾಗಿ ಬಾಗಿಲಿನಿಂದ ಹೊರಟು ಸುಖವಾಗಿ ಮನೆ ಸೇರಿದವರು ಯಾರು ಎಂಬುದು ಪ್ರಶ್ನೆ. ೧೯೮೬ರಲ್ಲಿ ಫ್ರಾಂಕ್ ಮಿಲ್ಲರ್ ಬರೆದ ಪ್ರಸಿದ್ಧ ಕಥೆಯಲ್ಲಿ ಹಾರ್ವಿ ಡೆಂಟನ ಮುಖವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿ, ಮನಸ್ಸೂ ಸರಿಯಾಯಿತೆಂದು ವೈದ್ಯನು ಹೊರಗೆ ಕಳುಹುವನು. ಅವನು ಕೂಡಲೇ ಪಾತಕಕ್ಕೆ ಮರಳುವನು. ಕಥೆಯು ನಂಬಿದ ವೈದ್ಯನನ್ನು ಮೂರ್ಖನನ್ನಾಗಿ ತೋರಿಸುವುದು. ಬೀಗವು ಸೋಲುವುದನ್ನು ಕಥೆಯು ಕ್ಷಮಿಸುತ್ತದೆ. ಚಿಕಿತ್ಸೆಯು ಗೆಲ್ಲುವುದನ್ನು ಕ್ಷಮಿಸುವುದಿಲ್ಲ.

ಇದಕ್ಕೆ ಕಾರಣವು ಗೂಢವಾದದ್ದಲ್ಲ. ನಮ್ಮ ಪುರಾಣಗಳಲ್ಲಿ ರಾವಣನು ಒಮ್ಮೆ ಸತ್ತರೆ ಸತ್ತನು. ಪಟ್ಟಾಭಿಷೇಕವಾಗಿ ಗ್ರಂಥವು ಮುಗಿಯುವುದು. ತಿಂಗಳು ತಿಂಗಳು ಮಾರಾಟವಾಗಬೇಕಾದ ಕಥೆಗೆ ಮಂಗಳವಿಲ್ಲ. ಜೋಕರನನ್ನು ಸೃಷ್ಟಿಸಿದವರು ೧೯೪೦ರಲ್ಲಿ ಅವನನ್ನು ಆರಂಭದಲ್ಲಿಯೇ ಕೊಂದುಬಿಡಲು ಎಣಿಸಿದ್ದರು. ಸಂಪಾದಕನು ತಡೆದು, ಅವನು ಬದುಕಿರುವನೆಂದು ತಿಳಿಸುವ ಒಂದು ಚಿತ್ರವನ್ನು ಕಡೆಯಲ್ಲಿ ಸೇರಿಸಿಸಿದನು. ಹೀಗೆ ಆ ಖಳನು ಮೊದಲು ತಪ್ಪಿಸಿಕೊಂಡದ್ದು ಲೇಖಕರ ಕೈಯಿಂದಲೇ! ಕೊಲ್ಲುವಂತಿಲ್ಲ, ಗುಣಪಡಿಸುವಂತಿಲ್ಲ, ಬಹುಕಾಲ ಹಿಡಿದಿಡುವಂತೆಯೂ ಇಲ್ಲ. ಅಂತಹ ಪಾತ್ರಗಳನ್ನು ಎರಡು ಕಥೆಗಳ ನಡುವೆ ಇಟ್ಟುಕೊಳ್ಳಲು ಒಂದು ಉಗ್ರಾಣ ಬೇಕಾಗಿತ್ತು. ಅದಕ್ಕೆ ಆಸ್ಪತ್ರೆಯೆಂದು ಫಲಕ ಹಾಕಿದರು. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಅಷ್ಟು ಸಮರ್ಪಕವಾಗಿ ನಡೆದ ಸಂಸ್ಥೆ ಇನ್ನೊಂದಿಲ್ಲ.

ಉಗ್ರಾಣವೆಂದು ಬರೆದಿದ್ದರೆ ನಮಗೆ ಆಕ್ಷೇಪವಿರಲಿಲ್ಲ. ಆಸ್ಪತ್ರೆಯೆಂದು ಬರೆದುದರಿಂದ ಗೃಹಸ್ಥರಿಗೆ ಸಂಬಂಧಿಸಿದ ಒಂದು ಹಾನಿಯುಂಟಾಯಿತು. ಖಳನೂ ಮನೋರೋಗಿಯೂ ಒಬ್ಬನೇ ಎಂಬ ಭಾವನೆಯು ಎಳೆಯರ ಮನಸ್ಸಿನಲ್ಲಿ ಹೇಳದೆಯೇ ಕುಳಿತುಕೊಳ್ಳುತ್ತದೆ. ಧರ್ಮಾಸನವು ಇವರಿಬ್ಬರನ್ನೂ ಎಂದೋ ಬೇರ್ಪಡಿಸಿದೆ. ತಾನು ಮಾಡುವ ಕಾರ್ಯದ ಸ್ವರೂಪವನ್ನಾಗಲಿ, ಅದು ತಪ್ಪೆಂಬುದನ್ನಾಗಲಿ ಚಿತ್ತವಿಕಾರದಿಂದ ಅರಿಯಲಾರದವನು ಮಾತ್ರ ಅಪರಾಧಿಯಲ್ಲವೆಂಬ ನಿಯಮವು ಇಂಗ್ಲೆಂಡಿನಲ್ಲಿ ೧೮೪೩ರಲ್ಲಿ ರೂಪುಗೊಂಡಿತು. ನಮ್ಮ ದೇಶದಲ್ಲಿ ಅದೇ ಬಗೆಯ ನಿಯಮವು ೧೮೬೦ರ ದಂಡಸಂಹಿತೆಯ ೮೪ನೆಯ ಕಲಮಾಗಿದ್ದು, ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆಯ ೨೨ನೆಯ ಕಲಮಾಗಿದೆ. ತಿಂಗಳುಗಟ್ಟಲೆ ಹೊಂಚು ಹಾಕಿ, ತನಗೆ ಬದಲಾಗಿ ಬಣ್ಣ ಬಳಿದವನನ್ನು ಕೂರಿಸಿ ಹೋಗುವ ಜೋಕರನು ಈ ಅಳತೆಗೆ ನಿಲ್ಲುವನೆ? ಅವನು ಸೆರೆಮನೆಗೆ ಸೇರಿದವನು. ಅವನನ್ನು ಆಸ್ಪತ್ರೆಯಲ್ಲಿ ಕೂರಿಸಿ, ಅಲ್ಲಿ ನಿಜವಾಗಿ ಕೂರಬೇಕಾದ ಬಡಪಾಯಿಗಳಿಗೆ ಅವನ ಮುಖವನ್ನು ತೊಡಿಸಿದ್ದಾರೆ.

ಇದರ ಫಲವನ್ನು ನಾವು ಅನೇಕ ಮನೆಗಳಲ್ಲಿ ಕಾಣುತ್ತೇವೆ. ಮಗುವಿಗೆ ಜ್ವರ ಬಂದರೆ ಅದೇ ದಿನ ವೈದ್ಯರ ಬಳಿಗೆ ಓಡುವ ಸುಸಂಸ್ಕೃತ ಕುಟುಂಬವು, ಬೆಳೆದ ಮಗನು ನಿದ್ರೆಯನ್ನೂ ಮಾತನ್ನೂ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರೆ ವರ್ಷಗಟ್ಟಲೆ ಬಾಗಿಲು ಮುಚ್ಚಿಕೊಂಡಿರುತ್ತದೆ. ಬಂಧುಗಳಿಗೆ ತಿಳಿದೀತು, ತಂಗಿಯ ಮದುವೆ ನಿಂತೀತು ಎಂಬ ಅಂಜಿಕೆ. ಆ ಆಸ್ಪತ್ರೆಗೆ ಹೋದವನು ಮರಳುವುದಿಲ್ಲ, ಅಲ್ಲಿರುವವರೆಲ್ಲರೂ ಘಾತುಕರು ಎಂಬ ಕಲ್ಪನೆ. ಸತ್ಯವಾದರೋ ಬೇರೆ. ಮನೋರೋಗಿಗಳಲ್ಲಿ ಬಹುತೇಕರು ಪರರನ್ನು ಹಿಂಸಿಸುವವರಲ್ಲ. ತಾವೇ ಪರರ ಹಿಂಸೆಗೆ ತುತ್ತಾಗುವ ಸಂಭವವೇ ಹೆಚ್ಚು. ಔಷಧದಿಂದಲೂ ಉಪಚಾರದಿಂದಲೂ ಸುಧಾರಿಸಿ, ಮನೆಗೆ ಬಂದು, ಕೆಲಸಕ್ಕೆ ಹೋಗುತ್ತಿರುವವರು ನಮ್ಮ ನಿಮ್ಮ ನಡುವೆಯೇ ಎಷ್ಟೋ ಮಂದಿ ಇರುವರು. ಅವರ ವೃತ್ತಾಂತವನ್ನು ಯಾರೂ ಚಿತ್ರ ಬರೆದು ಮಾರುವುದಿಲ್ಲ.

ಆದುದರಿಂದ ಪುಸ್ತಕವನ್ನು ಮಕ್ಕಳ ಕೈಯಿಂದ ಕಿತ್ತುಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಕಿತ್ತುಕೊಂಡ ಪುಸ್ತಕವನ್ನು ಮಕ್ಕಳು ಎರಡು ಸಲ ಓದುವರು. ಅವರೊಡನೆ ಕುಳಿತು ನೀವೂ ಓದಿರಿ. ಬೀಗ ಮುರಿದಾಗ ಅವರ ಜೊತೆ ನಗಿರಿ. ಮುಗಿದ ಮೇಲೆ ಒಂದು ಪ್ರಶ್ನೆಯನ್ನು ಮಾತ್ರ ಕೇಳಿರಿ: “ಮಗು, ಈ ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಹೋದವರು ಯಾರಪ್ಪ?” ಮಗುವು ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿ ನೋಡಿ, ಯಾರೂ ಇಲ್ಲವೆನ್ನುವುದು. ಹಾಗಾದರೆ ಇದು ಆಸ್ಪತ್ರೆಯಲ್ಲ, ಕಥೆಗಾರರ ಉಗ್ರಾಣವೆಂದು ಹೇಳಿರಿ. ನಿಜವಾದ ಆಸ್ಪತ್ರೆಗೆ ಮುಂಬಾಗಿಲಿರುತ್ತದೆಂದೂ ಹೇಳಿರಿ. ಎಂದಾದರೂ ನಿಮ್ಮ ಮನೆಯಲ್ಲಿ ಒಬ್ಬರನ್ನು ಅಲ್ಲಿಗೆ ಕರೆದೊಯ್ಯಬೇಕಾಗಿ ಬಂದರೆ, ಅದೇ ಮಗುವು ಹೆದರದೆ ಅವರ ಕೈ ಹಿಡಿದುಕೊಂಡು ಬಾಗಿಲವರೆಗೆ ಬರುವುದು. ಮರಳಿ ಕರೆತರುವ ದಿನವೂ ಬರುವುದು.